ಕೊಳವೆಯೊಳಗಿನ ಕಾವು

ಒಂದು ಕೇಬಲ್ ಎಷ್ಟು ವಿದ್ಯುತ್ತನ್ನು ಸಾಗಿಸಬಲ್ಲದು ಎಂಬ ಪ್ರಶ್ನೆಗೆ, ಅದರೊಳಗಿನ ತಾಮ್ರದ ದಪ್ಪವನ್ನು ನೋಡಿ ಉತ್ತರ ಹೇಳಬಹುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧ ಉತ್ತರ. ಉಳಿದರ್ಧವನ್ನು ಹೇಳಬೇಕಾದದ್ದು ಕೇಬಲ್ಲನ್ನು ಹೂತಿರುವ ನೆಲ.

ಪ್ರವಾಹ ಹರಿದಾಗ ತಾಮ್ರ ಬಿಸಿಯಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ. ಇಷ್ಟರಿಂದ ತಾಮ್ರಕ್ಕೇನೂ ಆಗದು. ಅದರ ಮೈಮೇಲಿನ ಹೊದಿಕೆಗೆ ಮಾತ್ರ ಇದು ಜೀವನ್ಮರಣದ ಪ್ರಶ್ನೆ. ಈಗ ಹೆಚ್ಚಾಗಿ ಬಳಸುವ ಎಕ್ಸ್‌ಎಲ್‌ಪಿಇ ಹೊದಿಕೆಯ ಕೇಬಲ್ಲಿನಲ್ಲಿ ವಾಹಕದ ಉಷ್ಣತೆ ಸದಾಕಾಲ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬಹುದು; ಅದನ್ನು ಮೀರಿದರೆ ಹೊದಿಕೆಯ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಕೇಬಲ್ಲಿನ ಸಾಮರ್ಥ್ಯವೆಂದರೆ, ಒಳಗೆ ಹುಟ್ಟಿದ ಕಾವು ಹೊರಗೆ ಹೋಗಲು ಇರುವ ದಾರಿಯ ಅಳತೆಯೇ ಸರಿ.

ಕಂಬದ ಮೇಲಿನ ತಂತಿಗೆ ಬೀಸುವ ಗಾಳಿಯಿದೆ. ನೇರವಾಗಿ ಹೂತ ಕೇಬಲ್ಲಿಗೆ ತೇವದ ಮಣ್ಣಿನ ಸ್ಪರ್ಶವಿದೆ. ಕೊಳವೆಯೊಳಗೆ ಎಳೆದ ಕೇಬಲ್ಲಿನ ಪಾಡು ಬೇರೆ. ಅದು ಕೊಳವೆಯ ತಳಕ್ಕೆ ಮಾತ್ರ ತಾಗಿ ಮಲಗಿರುತ್ತದೆ. ಉಳಿದ ಕಡೆಯೆಲ್ಲ ಸೆರೆಸಿಕ್ಕ ಗಾಳಿ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ಇಂಥದೇ ಗಾಳಿಯನ್ನು ಹಿಡಿದಿಟ್ಟು. ನಮಗೆ ಹಿತವಾದ ಕಂಬಳಿ ಕೇಬಲ್ಲಿಗೆ ಶತ್ರು. ಕೊಳವೆಯಲ್ಲಿ ಬೆಂಟೊನೈಟ್ ಬೆರೆಸಿದ ಮಿಶ್ರಣವನ್ನು ತುಂಬಿ ಗಾಳಿಯನ್ನು ಓಡಿಸುವ ಪದ್ಧತಿಯೂ ಉಂಟು. ಆದರೆ ಆಮೇಲೆ ಕೇಬಲ್ಲನ್ನು ಎಳೆದು ತೆಗೆಯುವುದು ಕಷ್ಟ. ಕೊಳವೆಯನ್ನು ಹಾಕಿದ್ದೇ ಆ ಸೌಕರ್ಯಕ್ಕಾಗಿ!

1957ರಲ್ಲಿ ನೆಹೆರ್ ಮತ್ತು ಮೆಕ್‌ಗ್ರಾತ್ ಎಂಬ ಇಬ್ಬರು ಅಮೆರಿಕದ ಎಂಜಿನಿಯರರು ಈ ದಾರಿಯ ಲೆಕ್ಕವನ್ನು ಕ್ರಮಬದ್ಧವಾಗಿ ಬರೆದರು. ಹೊದಿಕೆ, ಒಳಗಿನ ಗಾಳಿ, ಕೊಳವೆಯ ಗೋಡೆ, ಸುತ್ತಲಿನ ಕಾಂಕ್ರೀಟು, ಮಣ್ಣು, ಹೀಗೆ ಒಂದೊಂದೂ ಕಾವಿಗೆ ಒಡ್ಡುವ ತಡೆಯನ್ನು ಕೂಡಿಸುವ ಲೆಕ್ಕವದು. ಇಂದಿಗೂ ಅದು ಬಳಕೆಯಲ್ಲಿದೆ. ಅದರಲ್ಲಿ ನನ್ನನ್ನು ಕಾಡುವುದು ಮಣ್ಣಿನ ಅಂಕಿ. ಬಿಸಿ ಕೇಬಲ್ ತನ್ನ ಸುತ್ತಲಿನ ತೇವವನ್ನು ದೂರ ಅಟ್ಟುತ್ತದೆ. ಒಣಗಿದ ಮಣ್ಣು ಕಾವನ್ನು ಇನ್ನಷ್ಟು ತಡೆಯುತ್ತದೆ. ಕೇಬಲ್ ಇನ್ನಷ್ಟು ಬಿಸಿಯಾಗುತ್ತದೆ. ಕಡತದ ಅಂಕಿಗೆ ಈ ಬೇಸಗೆಯ ಸುದ್ದಿ ತಿಳಿಯುವುದಿಲ್ಲ.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ 1998ರ ಆರಂಭದಲ್ಲಿ ನಡೆದದ್ದನ್ನು ನೋಡಿ. ಅದು ಅಲ್ಲಿನ ಬೇಸಗೆ. ನಗರದ ನಡುಭಾಗಕ್ಕೆ ವಿದ್ಯುತ್ತನ್ನು ತರುತ್ತಿದ್ದ 110 ಕಿಲೋವೋಲ್ಟಿನ ನಾಲ್ಕು ಮುಖ್ಯ ಕೇಬಲ್‌ಗಳಲ್ಲಿ, ಅನಿಲ ತುಂಬಿದ ಹಳೆಯ ಎರಡು ಮೊದಲು ಕೆಟ್ಟವು. ಎಣ್ಣೆ ತುಂಬಿದ ಉಳಿದೆರಡರ ಮೇಲೆ ಹೊರೆ ಬಿತ್ತು. ಫೆಬ್ರವರಿ 20ರ ಹೊತ್ತಿಗೆ ಅವೂ ಕೈಕೊಟ್ಟವು. ಸುಮಾರು ಐದು ವಾರ ಒಂದು ಮಹಾನಗರದ ಹೃದಯಭಾಗ ಕತ್ತಲೆಯಲ್ಲಿ ತಡವರಿಸಿತು. ಕೊನೆಗೆ ರೈಲುಮಾರ್ಗದ ಪಕ್ಕದಲ್ಲಿ ಕಂಬ ನೆಟ್ಟು ತಾತ್ಕಾಲಿಕ ತಂತಿಯನ್ನು ಎಳೆಯಬೇಕಾಯಿತು. ಕಾರಣಗಳು ಹಲವಿದ್ದವು. ಆದರೆ ಕೇಬಲ್‌ಗಳ ನಿಜವಾದ ಸಾಮರ್ಥ್ಯ ಎಣಿಸಿದ್ದಕ್ಕಿಂತ ಕಡಿಮೆಯಿತ್ತು, ಸುತ್ತಲಿನ ಮಣ್ಣು ಕಾವನ್ನು ಊಹಿಸಿದಷ್ಟು ಚೆನ್ನಾಗಿ ಬಿಟ್ಟುಕೊಡಲಿಲ್ಲ ಎಂಬುದೂ ವಿಚಾರಣೆಯಲ್ಲಿ ಹೊರಬಿತ್ತು. ಅವು ಮಣ್ಣಿನಲ್ಲೇ ಹೂತ ಕೇಬಲ್‌ಗಳು. ಕೊಳವೆಯ ಗಾಳಿಯ ತೊಡಕಿಲ್ಲದೆಯೇ ಇಷ್ಟಾಯಿತು.

ಈ ಮಾತನ್ನು ಎತ್ತಲು ಕಾರಣವಿದೆ. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಕಾಲುದಾರಿಯ ಕೆಳಗೆ ಕೊಳವೆಗಳನ್ನು ಹಾಕಿದ್ದಾರೆ. ರಸ್ತೆಯನ್ನು ಮತ್ತೆ ಮತ್ತೆ ಅಗೆಯುವ ಶಾಪದಿಂದ ಬಿಡುಗಡೆ ಬೇಕಾದವರಿಗೆ ಇದು ಒಳ್ಳೆಯ ಕೆಲಸವೇ. ಮುಂದಿನ ದಿನಗಳಿಗೆಂದು ಕೊಳವೆಗಳಲ್ಲಿ ಕೆಲವನ್ನು ಖಾಲಿ ಬಿಡುವುದು ಎಲ್ಲೆಡೆಯ ವಾಡಿಕೆ. ನಾವು ಅವನ್ನು ಕೈಯಲ್ಲಿರುವ ಉಳಿತಾಯವೆಂದು ಎಣಿಸುತ್ತೇವೆ. ಆದರೆ ಖಾಲಿ ಕೊಳವೆಯೊಂದರಲ್ಲಿ ಹೊಸ ಕೇಬಲ್ಲನ್ನು ಎಳೆದು ಪ್ರವಾಹ ಬಿಟ್ಟ ದಿನ, ನೆರೆಯ ಹಳೆಯ ಕೇಬಲ್‌ಗಳ ಸಾಮರ್ಥ್ಯವೂ ಇಳಿಯುತ್ತದೆ; ಎಲ್ಲದರ ಕಾವೂ ಒಂದೇ ಮಣ್ಣಿನಲ್ಲಿ ಇಂಗಬೇಕಷ್ಟೆ. ನಟ್ಟನಡುವಿನ ಕೊಳವೆಗೆ ಎಲ್ಲಕ್ಕಿಂತ ಹೆಚ್ಚು ಸಂಕಟ. ಹೊಸದನ್ನು ಎಳೆಯುವ ಮುನ್ನ ಹಳೆಯವುಗಳ ಲೆಕ್ಕವನ್ನೂ ಹೊಸದಾಗಿ ಮಾಡಬೇಕು, ಅದೂ ಕಡುಬೇಸಗೆಯಲ್ಲಿ ಅಲ್ಲಿನ ಮಣ್ಣನ್ನೇ ಅಳೆದು.