ಕೊಳೆ ಮೊದಲೋ, ಜೀವಿ ಮೊದಲೋ



ರಾಮಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ಬೆಳೆಗಾರರಿಗೆ ನೀರಿನದೇ ಚಿಂತೆ. ಬೋರ್‌ವೆಲ್ ಬತ್ತಿದರೆ ತೋಟದ ಆಸೆ ಬಿಟ್ಟಂತೆಯೇ. ತೀರ್ಥಹಳ್ಳಿ, ಶೃಂಗೇರಿಯವರ ಚಿಂತೆ ಇದಕ್ಕೆ ತದ್ವಿರುದ್ಧ. ಮಳೆ ಹಿಡಿದು ಬಿಡದೇ ಹೋದರೆ ಅಲ್ಲಿ ಹಸಿರು ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಏಳುತ್ತದೆ. ಕಾಯಿ ಉದುರುತ್ತದೆ, ಉದುರಿದ ಕಾಯಿಗೆ ಬಿಳಿ ಬೂಷ್ಟು ಹತ್ತುತ್ತದೆ. ಇದೇ ಕೊಳೆರೋಗ.

ಕಾಯಿ ಕೊಳೆತದ್ದಕ್ಕೆ ಬೂಷ್ಟು ಬಂತೋ, ಬೂಷ್ಟು ಬಂದದ್ದಕ್ಕೆ ಕಾಯಿ ಕೊಳೆಯಿತೋ? ಸರಳ ಪ್ರಶ್ನೆ ಅನ್ನಿಸಬಹುದು. ಆದರೆ ಇಂಥದೇ ಪ್ರಶ್ನೆಯ ಸುತ್ತ ಯುರೋಪಿನ ಪಂಡಿತರು ಸುಮಾರು ಇನ್ನೂರು ವರ್ಷ ಜಗಳವಾಡಿದ್ದಾರೆ.

ಸೂಕ್ಷ್ಮಜೀವಿಗಳನ್ನು ಕಣ್ಣಾರೆ ಕಂಡು ಬರೆದಿಟ್ಟವನು ಪಂಡಿತನಲ್ಲ, ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದಲ್ಲಿ 1670ರ ದಶಕದಲ್ಲಿ ಕೆರೆಯ ನೀರನ್ನು, 1683ರಲ್ಲಿ ಹಲ್ಲಿನ ಸಂದಿಯ ಕೊಳೆಯನ್ನು ನೋಡಿದ. ಎರಡರಲ್ಲೂ ಜೀವ ಓಡಾಡುತ್ತಿತ್ತು. ಸಾಮಾನ್ಯ ಬ್ಯಾಕ್ಟೀರಿಯಾ ಎಷ್ಟು ಸಣ್ಣದೆಂದರೆ, ಸಾವಿರವನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು.

ಇವು ಬರುವುದೆಲ್ಲಿಂದ? ಕೊಳೆತದ್ದರಲ್ಲಿ ತಾವಾಗಿಯೇ ಹುಟ್ಟುತ್ತವೆ ಎಂದು ಬಹಳ ಜನ ನಂಬಿದ್ದರು. 1860ರ ಆಸುಪಾಸಿನಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಬಗ್ಗಿದ ಉದ್ದ ಕತ್ತಿನ ಗಾಜಿನ ಬುರುಡೆಯಲ್ಲಿ ಸಾರು ಕುದಿಸಿಟ್ಟ. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಮಾತ್ರ ಬಾಗಿನಲ್ಲೇ ಕೂರುತ್ತಿತ್ತು. ಸಾರು ಕೆಡಲಿಲ್ಲ. ಕತ್ತು ಮುರಿದರೆ ಕೆಲವೇ ದಿನದಲ್ಲಿ ಕೆಟ್ಟಿತು. ಜೀವಿ ಹೊರಗಿಂದ ಬಂದು ಕೊಳೆಸುತ್ತದೆಯೇ ಹೊರತು ಕೊಳೆಯಿಂದ ಹುಟ್ಟುವುದಿಲ್ಲ ಎಂದಾಯಿತು. ಪಾಶ್ಚರನ ಹೆಸರನ್ನು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಗಿಡದ ಕಡೆಯಿಂದ ಬಂದ ಸಾಕ್ಷಿಯನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ನೆನೆಯುವುದಿಲ್ಲ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳು ಕೊಳೆತವು. ಮುಂದಿನ ಕೆಲವು ವರ್ಷಗಳಲ್ಲಿ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸುಮಾರು ಹತ್ತು ಲಕ್ಷ ಜನ ಸತ್ತರು. ಎಲೆಯ ಬೂಷ್ಟೇ ಕಾರಣ ಎಂದ ಬರ್ಕ್‌ಲಿ ಎಂಬ ಇಂಗ್ಲಿಷ್ ಪಾದ್ರಿಯ ಮಾತನ್ನು ಬಹುಪಾಲು ಜನ ಒಪ್ಪಲಿಲ್ಲ. 1861ರಲ್ಲಿ ಜರ್ಮನಿಯ ಡಿ ಬಾರಿ ಆ ಬೂಷ್ಟಿನ ಬೀಜಕಣಗಳನ್ನು ಒಳ್ಳೆಯ ಗಿಡಕ್ಕೆ ಹಾಕಿ ರೋಗ ಬರಿಸಿ ತೋರಿಸಿದ. ರಾಬರ್ಟ್ ಕಾಖ್ ದನಗಳ ನೆರಡಿ ರೋಗದ ಬ್ಯಾಕ್ಟೀರಿಯಾವನ್ನು ಸಾಬೀತು ಮಾಡಿದ್ದು ಅದಾದ ಹದಿನೈದು ವರ್ಷಕ್ಕೆ, 1876ರಲ್ಲಿ, ಕ್ಷಯದ್ದು 1882ರಲ್ಲಿ.

ಈ ವಿದ್ಯೆ ನಮ್ಮ ಅಡಿಕೆ ತೋಟಕ್ಕೆ ಬಂದದ್ದು ಲೆಸ್ಲಿ ಕೋಲ್ಮನ್ ಅವರ ಕೈಯಲ್ಲಿ. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದವರು. ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಕ ಫೈಟಾಫ್ತೊರಾ, ಅಂದರೆ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿದ ಜೀವಿಯ ದಾಯಾದಿ. ಬೂಷ್ಟಿನ ಹಾಗೆ ಕಂಡರೂ ಇದು ಶಿಲೀಂಧ್ರವಲ್ಲ, ಕಂದು ಪಾಚಿಗಳ ಬಳಗಕ್ಕೆ ಹತ್ತಿರದ್ದು ಎಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಇದರ ಬೀಜಕಣಕ್ಕೆ ಎರಡು ಬಾಲ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಒಳಗೆ ಇಳಿಯುತ್ತದೆ. ನೀರಿಲ್ಲದಿದ್ದರೆ ಈಜಿಲ್ಲ. ಮಲೆನಾಡನ್ನು ಕಾಡುವ ಈ ರೋಗದಿಂದ ಬಯಲುಸೀಮೆಯ ತೋಟಗಳು ಬಹುಮಟ್ಟಿಗೆ ಪಾರಾಗಿರುವುದಕ್ಕೆ ಇದೇ ಕಾರಣ.

ಮಲೆನಾಡಿನ ಬೆಳೆಗಾರರು ಸೂಕ್ಷ್ಮದರ್ಶಕ ನೋಡದೆಯೇ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುತ್ತಿದ್ದರು. ಕಾರಣ ತಿಳಿಯದಿದ್ದರೂ ಉಪಾಯ ಸರಿಯಾಗಿಯೇ ಇತ್ತು. ಆದರೆ ಮರ ಮರ ಹತ್ತಿ ಪ್ರತಿ ಗೊನೆಗೂ ಕಟ್ಟುವುದು ಸಣ್ಣ ಕೆಲಸವೇ? ಕೋಲ್ಮನ್ ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿದರು. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಗೊತ್ತುಮಾಡಿದ ಔಷಧಿ ಅದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಾಮ್ರದ ಅಂಶ ಈಜುವ ಬೀಜಕಣಗಳನ್ನು ಕೊಲ್ಲುತ್ತದೆ. ರೋಗದ ಜೀವಿ ಕಾಯಿಯ ಒಳಹೊಕ್ಕ ಮೇಲೆ ದ್ರಾವಣದ ಆಟ ನಡೆಯದು.

ಮಳೆ ಜಾಸ್ತಿಯಾದ ವರ್ಷ ನಮ್ಮ ಬಯಲುಸೀಮೆಯ ತೋಟದಲ್ಲೂ ಇಂಥ ಕಲೆ ಕಂಡರೆ ಉದುರಿದ ಕಾಯಿಗಳನ್ನು ಬುಡದಲ್ಲಿ ಬಿಡಬೇಡಿ, ಆರಿಸಿ ಸುಟ್ಟುಬಿಡಿ. ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬೇಡಿ. ಕಲಸಿದ ಮೇಲೆ ಚಾಕು ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಹೊಡೆಯುವುದಾದರೆ ಮಳೆ ಹಿಡಿಯುವುದಕ್ಕೆ ಮುಂಚೆಯೇ ಹೊಡೆಯಿರಿ.