ಮಿದುಳಿನ ಚಿತ್ರ, ಮನಸ್ಸಿನ ನೋವು

(ಟೊರಾಂಟೋದಲ್ಲಿ ನಡೆದ ಸಂಘದ ಸಂಸ್ಥಾಪನಾ ದಿನಾಚರಣೆಯ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಾಡು, ನೃತ್ಯ, ಹೋಳಿಗೆ ಊಟದ ಈ ಸಂಭ್ರಮದ ನಡುವೆ ಮನೋರೋಗದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಬಗ್ಗೆ ನಾವು ಊಟದ ಪಂಕ್ತಿಯಲ್ಲೇ ಮಾತಾಡುತ್ತೇವೆ. ಯಾರಿಗೆ ಎಷ್ಟು ಸ್ಟೆಂಟ್ ಹಾಕಿದರೆಂಬುದು ಎಲ್ಲರಿಗೂ ಗೊತ್ತು. ಆದರೆ ಮಗ ಕಾಲೇಜಿಗೆ ಹೋಗುವುದನ್ನು ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಾನೆಂಬುದನ್ನಾಗಲಿ, ಊರಿನಿಂದ ಬಂದ ಅತ್ತೆಯವರು ಚಳಿಗಾಲವಿಡೀ ಊಟ, ನಿದ್ದೆ, ಮಾತು ಮೂರನ್ನೂ ಬಿಟ್ಟಿದ್ದಾರೆಂಬುದನ್ನಾಗಲಿ ಯಾರಿಗೂ ಹೇಳುವುದಿಲ್ಲ. ಜನ ಏನಂದಾರು ಎಂಬ ಅಳುಕು ಕಡಲು ದಾಟಿ ನಮ್ಮ ಜೊತೆಗೇ ಬಂದಿದೆ.

ಇಂಥ ಮನೆಗಳವರು ನಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಒಂದೇ. “ಡಾಕ್ಟ್ರೇ, ತಲೆಯ ಒಂದು ಸ್ಕ್ಯಾನ್ ಮಾಡಿಸಿಬಿಟ್ಟರೆ ಏನಾಗಿದೆ ಅಂತ ಗೊತ್ತಾಗೋದಿಲ್ವೆ?” ಸಂಘದ ಆರೋಗ್ಯ ಸಮಿತಿಯ ಪರವಾಗಿ ಈ ಪ್ರಶ್ನೆಗೆ ಉತ್ತರ ಹೇಳಲು ಇಂದು ಪ್ರಯತ್ನಿಸುತ್ತೇವೆ.

ನಮ್ಮ ಮಿದುಳಿನ ತೂಕ ಸುಮಾರು 1.4 ಕಿಲೋ. ದೇಹದ ತೂಕದಲ್ಲಿ ಅದು ಶೇಕಡ 2ರಷ್ಟಿದ್ದರೂ, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಶೇಕಡ 20ರಷ್ಟನ್ನು ಅದೇ ಬಳಸಿಕೊಳ್ಳುತ್ತದೆ. ತಲೆಬುರುಡೆ ತೆರೆಯದೆ ಅದನ್ನು ಸ್ಪಷ್ಟವಾಗಿ ನೋಡುವುದು ಬಹುಕಾಲ ಸಾಧ್ಯವಿರಲಿಲ್ಲ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಿತು. ಐದು ವರ್ಷಗಳ ನಂತರ, 1976ರಲ್ಲಿ, ಬ್ರಿಟನ್ನಿನ ಡಾ. ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಬಹುಕಾಲದಿಂದ ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದ 17 ಮಂದಿಯನ್ನು ಈ ಯಂತ್ರದಿಂದ ಪರೀಕ್ಷಿಸಿದರು. ಮಿದುಳಿನೊಳಗೆ ದ್ರವ ತುಂಬಿದ ಕುಹರಗಳಿವೆ. ಆರೋಗ್ಯವಂತರಿಗೆ ಹೋಲಿಸಿದಾಗ ಈ ರೋಗಿಗಳಲ್ಲಿ ಅವು ದೊಡ್ಡದಾಗಿದ್ದವು.

ಈ ಸಣ್ಣ ಅಧ್ಯಯನದ ಬೆಲೆ ತಿಳಿಯಬೇಕಾದರೆ ಆ ಕಾಲದ ನಂಬಿಕೆ ತಿಳಿದಿರಬೇಕು. 1948ರಲ್ಲಿ ಮನೋವೈದ್ಯೆಯೊಬ್ಬರು ಮುಂದಿಟ್ಟ ವಾದವೊಂದನ್ನು ಹಿಡಿದು, ಮಗನಿಗೆ ಈ ಕಾಯಿಲೆ ಬರಲು ತಾಯಿ ಅವನನ್ನು ಬೆಳೆಸಿದ ರೀತಿಯೇ ಕಾರಣವೆಂದು ಪಾಶ್ಚಾತ್ಯ ವೈದ್ಯರಲ್ಲಿ ಅನೇಕರು ದಶಕಗಳ ಕಾಲ ನಂಬಿದ್ದರು. ನಮ್ಮೂರಿನಲ್ಲಿ ಗಾಳಿ ಸೋಕಿತೆಂದೋ ಪೂರ್ವಜನ್ಮದ ಕರ್ಮವೆಂದೋ ಹೇಳುತ್ತಿದ್ದರೆ, ಇಲ್ಲಿ ಹೆತ್ತವಳ ತಲೆಗೆ ಕಟ್ಟುತ್ತಿದ್ದರು. ಆ ಹೊರೆಯನ್ನು ಇಳಿಸಲು ಮಿದುಳಿನ ಚಿತ್ರಗಳೂ ನೆರವಾದವು. ನಮ್ಮ ನಡುವಿನ ಎಷ್ಟೋ ತಾಯಂದಿರು ಈ ಮಾತನ್ನು ಕಿವಿಗೊಟ್ಟು ಕೇಳಬೇಕೆಂದು ನಮ್ಮ ಆಸೆ.

ಮುಂದೆ ಎಂ.ಆರ್.ಐ. ಬಂದಿತು. ರಕ್ತದಲ್ಲಿ ಆಮ್ಲಜನಕದ ಏರಿಳಿತದಿಂದ ಮಿದುಳಿನ ಯಾವ ಭಾಗ ದುಡಿಯುತ್ತಿದೆಯೆಂದು ಅಂದಾಜು ಮಾಡುವ ತತ್ತ್ವವನ್ನು ಸೀಜಿ ಒಗಾವಾ 1990ರಲ್ಲಿ ತೋರಿಸಿದರು. ಪತ್ರಿಕೆಗಳಲ್ಲಿ ನಾವು ಕಾಣುವ ಕೆಂಪು, ಹಳದಿ ಬಣ್ಣದ ಮಿದುಳಿನ ಚಿತ್ರಗಳಲ್ಲಿ ಬಹಳಷ್ಟು ಈ ಬಗೆಯವು. ಆ ಬಣ್ಣ ಕಂಪ್ಯೂಟರು ಬಳಿದದ್ದು. ಅದು ದುಃಖದ ಬಣ್ಣವೂ ಅಲ್ಲ, ಯೋಚನೆಯ ಬಣ್ಣವೂ ಅಲ್ಲ. ಮನೆಯ ಮೀಟರು ನೋಡಿದವನು ಎಷ್ಟು ಕರೆಂಟು ಖರ್ಚಾಯಿತೆಂದು ಹೇಳಬಲ್ಲ. ಆ ಕರೆಂಟಿನಲ್ಲಿ ದೋಸೆಹಿಟ್ಟು ರುಬ್ಬಿದರೋ, ಸಿನಿಮಾ ನೋಡಿದರೋ ಅವನಿಗೆ ತಿಳಿಯದು.

ನಾವಿರುವ ಈ ಊರಿಗೂ ಈ ವಿಜ್ಞಾನಕ್ಕೂ ನಂಟಿದೆ. ಡಾ. ಹೆಲೆನ್ ಮೇಬರ್ಗ್ ಎಂಬ ಅಮೆರಿಕದ ನರವಿಜ್ಞಾನಿ ಪೆಟ್ ಎಂಬ ಇನ್ನೊಂದು ಬಗೆಯ ಸ್ಕ್ಯಾನ್ ಬಳಸಿ ಖಿನ್ನತೆಯನ್ನು ಅಭ್ಯಸಿಸಿದವರು. ಆರೋಗ್ಯವಂತರು ತಮ್ಮ ಬಾಳಿನ ದುಃಖದ ಘಟನೆಯನ್ನು ನೆನೆದಾಗ, ಮಿದುಳಿನ ಆಳದಲ್ಲಿರುವ ಪುಟ್ಟ ಜಾಗವೊಂದರಲ್ಲಿ ರಕ್ತಸಂಚಾರ ಏರಿ, ಹಣೆಯ ಹಿಂದಿನ ಭಾಗದಲ್ಲಿ ಇಳಿಯಿತು. ಖಿನ್ನತೆಯಿಂದ ಚೇತರಿಸಿಕೊಂಡ ರೋಗಿಗಳಲ್ಲಿ ಇದರ ತಿರುವುಮುರುವು ಕಂಡಿತು. 1999ರಲ್ಲಿ ಅವರ ತಂಡ ಇದನ್ನು ಪ್ರಕಟಿಸಿತು. ಮಿದುಳಿನ ನಕ್ಷೆಯಲ್ಲಿ ಆ ಪುಟ್ಟ ಜಾಗದ ಸಂಖ್ಯೆ 25.

ನಂತರ ಅವರು ಟೊರಾಂಟೋಗೆ ಬಂದರು. ಶಸ್ತ್ರವೈದ್ಯ ಡಾ. ಆಂಡ್ರೆಸ್ ಲೊಜಾನೊ ಅವರೊಡನೆ ಸೇರಿ, ಔಷಧಿ, ಸಮಾಲೋಚನೆ, ವಿದ್ಯುತ್ ಚಿಕಿತ್ಸೆ ಯಾವುದಕ್ಕೂ ಬಗ್ಗದ ಖಿನ್ನತೆಯಿದ್ದ 6 ಮಂದಿಯ ಮಿದುಳಿನಲ್ಲಿ ಆ ಜಾಗದ ಬಳಿ ಸೂಕ್ಷ್ಮ ತಂತಿಗಳನ್ನಿಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರು. ಆರು ತಿಂಗಳ ನಂತರವೂ 4 ಮಂದಿಯಲ್ಲಿ ಸುಧಾರಣೆ ಉಳಿದಿತ್ತು. 2005ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನ ಗಮನ ಸೆಳೆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚಪ್ಪಾಳೆ ತಟ್ಟಿ ಎದ್ದುಬಿಡಬಹುದಿತ್ತು. ಮುಂದೆ 90 ಮಂದಿಗೆ ತಂತಿಯಿಟ್ಟು, ಕೆಲವರಿಗೆ ವಿದ್ಯುತ್ ಹರಿಸಿ, ಕೆಲವರಿಗೆ ಹರಿಸದೆ, ಯಾರು ಯಾವ ಗುಂಪಿನವರೆಂದು ರೋಗಿಗಳಿಗೆ ತಿಳಿಸದೆ ದೊಡ್ಡ ಪ್ರಯೋಗ ನಡೆಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಬಳಿಕ ಎಲ್ಲರಿಗೂ ವಿದ್ಯುತ್ ಹರಿಸಿದರು. ಎರಡು ವರ್ಷಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದ್ದರು, ಆದರೆ ಆಗ ಹೋಲಿಸಿ ನೋಡಲು ಬೇರೆ ಗುಂಪು ಉಳಿದಿರಲಿಲ್ಲ. ಮೇಬರ್ಗ್ ಅವರು ಕೈಬಿಡಲಿಲ್ಲ. ಆ ತಂತಿಗಳ ಮೂಲಕವೇ ಮಿದುಳಿನ ಸಂಕೇತಗಳನ್ನು ಓದಿ, ರೋಗಿ ನಿಜವಾಗಿ ಚೇತರಿಸಿಕೊಳ್ಳುತ್ತಿದ್ದಾರೆಯೇ ಎಂದು ತಿಳಿಯುವ ಬಗೆಯನ್ನು 2023ರಲ್ಲಿ ಅವರ ತಂಡ ವರದಿ ಮಾಡಿತು. ಖಿನ್ನತೆಗೆ ಈ ಚಿಕಿತ್ಸೆ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ವಿಜ್ಞಾನದ ದಾರಿಯೇ ಹೀಗೆ, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ? ಮಿದುಳಿನಲ್ಲಿ ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಇದ್ದರೆ ಗೊತ್ತಾಗುತ್ತದೆ. ಅವುಗಳಿಂದಲೂ ಸ್ವಭಾವ ಬದಲಾಗಬಹುದು, ಆದ್ದರಿಂದ ವೈದ್ಯರು ಕೆಲವೊಮ್ಮೆ ಸ್ಕ್ಯಾನ್ ಮಾಡಿಸುತ್ತಾರೆ. ಆದರೆ ಒಬ್ಬ ವ್ಯಕ್ತಿಗೆ ಖಿನ್ನತೆಯಿದೆ, ಆತಂಕರೋಗವಿದೆ, ಸ್ಕಿಜೋಫ್ರೇನಿಯಾ ಇದೆ ಎಂದು ಖಚಿತವಾಗಿ ಹೇಳಬಲ್ಲ ಸ್ಕ್ಯಾನ್ ಇಂದಿಗೂ ಇಲ್ಲ. ಮೇಲೆ ಹೇಳಿದ ವ್ಯತ್ಯಾಸಗಳು ಗುಂಪುಗಳ ಸರಾಸರಿಗಳು. ಎರಡು ಊರಿನವರ ಸರಾಸರಿ ಎತ್ತರದಲ್ಲಿ ಒಂದು ಅಂಗುಲ ವ್ಯತ್ಯಾಸವಿದೆಯೆಂದು ತಿಳಿದ ಮಾತ್ರಕ್ಕೆ, ಎದುರು ನಿಂತವನ ಎತ್ತರ ನೋಡಿ ಅವನ ಊರು ಹೇಳಲಾದೀತೇ? ಮಿದುಳಿನ ಚಿತ್ರಕ್ಕೂ ಮನಸ್ಸಿನ ಲಕ್ಷಣಗಳಿಗೂ ನಂಬಲರ್ಹ ಸಂಬಂಧ ಹುಡುಕಲು ಸಾವಿರಾರು ಜನರ ಸ್ಕ್ಯಾನ್ ಬೇಕೆಂದು 2022ರ ದೊಡ್ಡ ಅಧ್ಯಯನವೊಂದು ಎಚ್ಚರಿಸಿತು.

ಇದರಿಂದ ನಾವು ಮನಗಾಣಬೇಕಾದ್ದು ಒಂದಿದೆ. “ಸ್ಕ್ಯಾನ್ ನಾರ್ಮಲ್ ಬಂದಿದೆ, ನಿನಗೇನೂ ಆಗಿಲ್ಲ, ಸುಮ್ಮನೆ ಎದ್ದು ಕೆಲಸ ನೋಡು” ಎಂದು ಮಕ್ಕಳಿಗೆ ಹೇಳುವುದು ದೊಡ್ಡ ಅನ್ಯಾಯ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನೋವು ಇದೆ. ತಲೆನೋವೂ ಬಹುಮಟ್ಟಿಗೆ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಹಾಗೆಂದು ಅದನ್ನು ನಾಟಕವೆನ್ನುತ್ತೇವೆಯೇ? ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ನಮ್ಮ ಹಿರಿಯರು ಸ್ಕ್ಯಾನ್ ಇಲ್ಲದ ಕಾಲದಲ್ಲೇ ಹೇಳಿದ್ದರು.

ಇಂದಿಗೂ ರೋಗನಿರ್ಣಯದ ಮುಖ್ಯ ಸಾಧನವೆಂದರೆ ತಾಳ್ಮೆಯಿಂದ ಕೇಳುವ ಕಿವಿ. ಎರಡು ವಾರ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಿರಿ. ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ. ಆತ್ಮಹತ್ಯೆಯ ಯೋಚನೆಯಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುವುದುಂಟು. ಕೆನಡಾದಲ್ಲಿ 2023ರ ನವೆಂಬರಿನಿಂದ 988 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು. ಊರಿನಲ್ಲಿರುವ ನಮ್ಮವರಿಗೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಸಹಾಯ ಸಿಗುತ್ತದೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರನ್ನು ಬೈಗುಳವಾಗಿ ಬಳಸುವುದನ್ನು ಕೇಳಿಯೇ ನಾವೆಲ್ಲ ಬೆಳೆದೆವು. 1974ರಲ್ಲಿ ಈಗಿನ ರೂಪ ತಳೆದ ಆ ಸಂಸ್ಥೆ ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ನೀಡುವ ಪದ್ಧತಿಯನ್ನು ಬೆಳೆಸಿತು. ಅದರ ಬಳ್ಳಾರಿ ಜಿಲ್ಲೆಯ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಎಷ್ಟೋ ಪುಸ್ತಕಗಳನ್ನು ಬರೆದಿದ್ದಾರೆ. ನಾವು ಹೆಮ್ಮೆಪಡಬೇಕಾದ ಹೆಸರು ನಮ್ಮ ಬಾಯಲ್ಲಿ ಬೈಗುಳವಾಗಬಾರದು.

ಇಲ್ಲಿ ನಮಗೆ ಚಿಕ್ಕಪ್ಪ, ದೊಡ್ಡಮ್ಮ, ಎದುರುಮನೆಯ ಅಜ್ಜಿ ಇಲ್ಲ. ಆ ಸ್ಥಾನವನ್ನು ತುಂಬಬೇಕಾದ್ದು ಈ ಸಂಘವೇ. ಯುಗಾದಿಗೆ ಬಂದವರು ದೀಪಾವಳಿಗೆ ಕಾಣದಿದ್ದರೆ ಒಂದು ಫೋನು ಮಾಡೋಣ. ಮನೆಯಲ್ಲೇ ಉಳಿದ ಹಿರಿಯರನ್ನು ವಾರಕ್ಕೊಮ್ಮೆ ಕಾರಿನಲ್ಲಿ ಕರೆದೊಯ್ದು, ಒಂದು ಲೋಟ ಕಾಫಿ ಕೊಟ್ಟು, ಕನ್ನಡದಲ್ಲಿ ನಾಲ್ಕು ಮಾತಾಡೋಣ. ಇದು ಚಿಕಿತ್ಸೆಗೆ ಬದಲಿಯಲ್ಲ, ಆದರೆ ಚಿಕಿತ್ಸೆಯ ಬಾಗಿಲಿನವರೆಗೆ ಕೈಹಿಡಿದು ನಡೆಸುವ ಕೆಲಸ. ಅದನ್ನು ಯಾವ ಯಂತ್ರವೂ ಮಾಡಲಾರದು.