ಠಾಣೆಯಿಂದ ಕರೆ ಬಂದಾಗ



ಕೋರ್ಟಿನ ಸಮನ್ಸು ಕೈಗೆ ಬಂದ ಮೇಲೆ ವಕೀಲರನ್ನು ಹುಡುಕುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅದಕ್ಕೆ ಮೊದಲೇ ವಕೀಲರ ಮನೆಯ ಮೆಟ್ಟಿಲು ಹತ್ತಿದವನನ್ನು ಕಂಡರೆ, "ಏನೋ ಮಾಡಿರಬೇಕು" ಎಂದು ನೆರೆಹೊರೆಯವರು ಪಿಸುಗುಟ್ಟುತ್ತಾರೆ. ಜ್ವರ ಬಂದಾಗ ವೈದ್ಯರನ್ನು ಕಾಣಲು ನಾಚದ ನಾವು, ಠಾಣೆಯಿಂದ ಕರೆ ಬಂದಾಗ ವಕೀಲರನ್ನು ಕಾಣಲು ನಾಚುತ್ತೇವೆ. ಈ ಸಂಕೋಚಕ್ಕೆ ತಪ್ಪು ಮಾಡದವರೂ ಬೆಲೆ ತೆರಬೇಕಾಗುತ್ತದೆ.

ಕ್ರಿಮಿನಲ್ ಮೊಕದ್ದಮೆ ಬೆಳೆಯುವ ಬಗೆಯನ್ನು ನೋಡಿ. ಫಿರ್ಯಾದು ಬರುತ್ತದೆ, ಎಫ್.ಐ.ಆರ್. ದಾಖಲಾಗುತ್ತದೆ. ತನಿಖಾಧಿಕಾರಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಾರೆ, ಮಹಜರು ಮಾಡುತ್ತಾರೆ, ಕಾಗದಪತ್ರಗಳನ್ನು ವಶಪಡಿಸಿಕೊಳ್ಳುತ್ತಾರೆ. ಕೊನೆಗೆ ದೋಷಾರೋಪಣ ಪಟ್ಟಿ ಸಲ್ಲಿಸುತ್ತಾರೆ. ಇಲ್ಲವೆ, ಆಧಾರ ಸಾಲದೆಂದು ಕಂಡರೆ, ನಮ್ಮ ಕಡೆ 'ಬಿ' ರಿಪೋರ್ಟು ಎನ್ನುವ ವರದಿ ಕೊಡುತ್ತಾರೆ. ಹೀಗೆ ಪಟ್ಟಿ ಕೋರ್ಟಿಗೆ ಬರುವ ಹೊತ್ತಿಗೆ ಮೊಕದ್ದಮೆಯ ಅಡಿಪಾಯ ಮುಗಿದಿರುತ್ತದೆ. ಆಮೇಲೆ ಬಂದ ವಕೀಲರು ಅದರ ಬಿರುಕುಗಳನ್ನು ತೋರಿಸಬಹುದು. ಅಡಿಪಾಯ ಹಾಕುವಾಗಲೇ ಒಂದು ಮಾತು ಹೇಳುವ ಅವಕಾಶ ಕಳೆದುಹೋಗಿರುತ್ತದೆ.

ಒಂದು ಸಹಕಾರ ಸಂಘದ ಲೆಕ್ಕದಲ್ಲಿ ಹಣ ಕಡಿಮೆ ಬಂದಿತೆಂದು ಇಟ್ಟುಕೊಳ್ಳೋಣ. ಗುಮಾಸ್ತರಿಗೆ ಠಾಣೆಯಿಂದ ನೋಟೀಸು ಬರುತ್ತದೆ. "ನಾನು ಪ್ರಾಮಾಣಿಕ, ನನಗೇತರ ಭಯ?" ಎಂದು ಅವರು ಒಬ್ಬರೇ ಹೋಗಿ, ಎರಡು ವರ್ಷದ ಹಿಂದಿನ ತಾರೀಖುಗಳನ್ನು ನೆನಪಿನಿಂದಲೇ ಹೇಳುತ್ತಾರೆ. ಬ್ಯಾಂಕಿನ ದಾಖಲೆಯಲ್ಲಿ ಬೇರೆ ತಾರೀಖು ಇರುತ್ತದೆ. ಮರೆವು ಈಗ ಸುಳ್ಳಿನಂತೆ ಕಾಣುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರೇ ಹಿಂದಿನ ದಿನ ವಕೀಲರನ್ನು ಕಂಡಿದ್ದರೆ, ರಶೀದಿ ಮತ್ತು ನಿರ್ಣಯಗಳ ಪ್ರತಿಗಳನ್ನು ಕ್ರಮವಾಗಿ ಜೋಡಿಸಿ, ಪತ್ರದೊಡನೆ ತನಿಖಾಧಿಕಾರಿಗೆ ಒಪ್ಪಿಸಿ, ಸ್ವೀಕೃತಿ ಪಡೆಯಬಹುದಾಗಿತ್ತು. ಸಂಘದ ಸಿ.ಸಿ. ಟಿ.ವಿ. ಚಿತ್ರಗಳು ಅಳಿಸಿಹೋಗುವ ಮುನ್ನ ಅವನ್ನು ಕಾಯ್ದಿಡುವಂತೆ ಬರೆದು ಕೇಳಬಹುದಾಗಿತ್ತು. ಇದರಿಂದ ತನಿಖೆಗೂ ಸಹಾಯವೇ.

ಇದು ಯಾರದೋ ದಯೆಯಿಂದ ದೊರೆತ ಸವಲತ್ತಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 22ನೆಯ ವಿಧಿಯಂತೆ, ಬಂಧಿತನಿಗೆ ಕಾರಣ ತಿಳಿಸಬೇಕು. ತನ್ನ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸಬಾರದೆಂದು 20ನೆಯ ವಿಧಿ ಹೇಳುತ್ತದೆ. ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿಯವರ ಮೊಕದ್ದಮೆಯಲ್ಲಿ, ಈ ರಕ್ಷಣೆ ಪೊಲೀಸ್ ವಿಚಾರಣೆಯ ಹಂತಕ್ಕೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1978ರಲ್ಲಿ ತೀರ್ಪಿತ್ತಿತು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಬಂಧನ ಅಗತ್ಯವಿಲ್ಲದಾಗ 35ನೆಯ ಕಲಮಿನಂತೆ ನೋಟೀಸು ಕೊಡುತ್ತಾರೆ. ಅದನ್ನು ಉಪೇಕ್ಷಿಸಬಾರದು, ಹಾಜರಾಗದಿದ್ದರೆ ಅದೇ ಬಂಧನಕ್ಕೆ ಕಾರಣವಾದೀತು. ಬಂಧಿತನು ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು. ವಿಚಾರಣೆಯ ಉದ್ದಕ್ಕೂ ಅವರು ಪಕ್ಕದಲ್ಲಿರಬೇಕೆಂದು ಮಾತ್ರ ಈ ಸಂಹಿತೆ ಹೇಳುವುದಿಲ್ಲ. ಸಾಕ್ಷಿಯಾಗಿ ಕರೆದಾಗ ಸ್ತ್ರೀಯರೂ 60 ವರ್ಷ ದಾಟಿದವರೂ ತಮ್ಮ ಮನೆಯಲ್ಲೇ ವಿಚಾರಿಸಬೇಕೆಂದು ಕೇಳಬಹುದು. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ರುಜು ಪಡೆಯುವಂತಿಲ್ಲ. ಮಹಜರಿಗೆ, ನೋಟೀಸಿಗೆ ರುಜು ಕೇಳುವುದುಂಟು, ಓದದೆ ಹಾಕಬೇಡಿ. ಬಿಳಿ ಹಾಳೆಗಂತೂ ಎಂದಿಗೂ ಬೇಡ.

ಜಾಮೀನಿಲ್ಲದ ಅಪರಾಧದಲ್ಲಿ ಬಂಧನದ ಭಯವಿದ್ದರೆ, ಸೆಷನ್ಸ್ ಕೋರ್ಟಿನಲ್ಲಾಗಲಿ ಹೈಕೋರ್ಟಿನಲ್ಲಾಗಲಿ ನಿರೀಕ್ಷಣಾ ಜಾಮೀನು ಬೇಡಬಹುದು. ಹೆಸರೇ ಹೇಳುವಂತೆ, ಇದನ್ನು ಬೇಡಬೇಕಾದದ್ದು ಬಂಧನಕ್ಕೆ ಮುಂಚೆ. ಬಂಧನವಾದ ಮೇಲೆ, ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ತನಿಖೆ ಮುಗಿಯದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಪಟ್ಟಿ ಸಲ್ಲಿಸುವುದಕ್ಕೆ ಮೊದಲೇ ಅರ್ಜಿ ಕೊಡದಿದ್ದರೆ ಅದು ಕೈಜಾರುತ್ತದೆ. ದಿನ ಎಣಿಸುವವರು ಒಬ್ಬರು ಬೇಡವೆ?

ಇನ್ನು ವಕೀಲರ ಆಯ್ಕೆ. ನಿಮ್ಮ ಊರಿನ ಕೋರ್ಟಿನಲ್ಲಿ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸಿ ಬಲ್ಲವರನ್ನು ಕಾಣಿ. ಫೀಜು ಎಷ್ಟು, ಯಾವ ಯಾವ ಕೆಲಸಕ್ಕೆ ಎಂದು ಮೊದಲೇ ಮಾತಾಡಿಕೊಳ್ಳಿ. ಗೆದ್ದರೆ ಇಷ್ಟು, ಸೋತರೆ ಅಷ್ಟು ಎಂದು ಫೀಜು ಗೊತ್ತುಮಾಡುವುದನ್ನು ಬಾರ್ ಕೌನ್ಸಿಲಿನ ನಿಯಮ ನಿಷೇಧಿಸಿದೆ. "ಸಾಹೇಬರು ನಮ್ಮವರೇ, ಎಲ್ಲ ಸರಿಮಾಡಿಸುತ್ತೇನೆ" ಎನ್ನುವವರಿಂದ ದೂರವಿರಿ. ಆರಿಸಿದ ಮೇಲೆ ಅವರಿಗೆ ನಡೆದದ್ದನ್ನು ನಡೆದಂತೆ ಹೇಳಿ. ನಿಮಗೆ ಒಗ್ಗದ ಸಂಗತಿಯನ್ನೂ ಹೇಳಿ. ಹೊಸ ಅಪರಾಧಕ್ಕೆ ನೆರವು ಕೇಳಿದ ಹೊರತು, ನೀವು ಹೇಳಿದ ಮಾತು ಗುಟ್ಟಾಗಿರಬೇಕೆಂಬುದು ಕಾನೂನು. ಆದರೆ ಕಾಗದ ತಿದ್ದಲು, ಸಾಕ್ಷಿಯ ಮನೆಗೆ ಹೋಗಿ ಮಾತಾಡಲು ಯಾರು ಹೇಳಿದರೂ ಕೇಳಬೇಡಿ. ಇಲ್ಲದ ತಪ್ಪು ಅಲ್ಲಿ ಹುಟ್ಟಿಕೊಳ್ಳುತ್ತದೆ.

ಹಣವಿಲ್ಲದವರ ಗತಿಯೇನು ಎಂದು ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ವರಮಾನ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಇತರರಲ್ಲಿ ಹಲವರಿಗೆ ವರಮಾನದ ಮಿತಿಯುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೆ 15100ಕ್ಕೆ ದೂರವಾಣಿ ಮಾಡಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಜಾಣತನವಲ್ಲ. ವಕೀಲರನ್ನು ಮೊದಲೇ ಕಾಣುವುದು ತಪ್ಪೊಪ್ಪಿಗೆಯಲ್ಲ. ಸತ್ಯವನ್ನು ಸರಿಯಾದ ಹೊತ್ತಿನಲ್ಲಿ, ಸರಿಯಾದ ರೀತಿಯಲ್ಲಿ ಹೇಳಿಕೊಳ್ಳುವ ಏರ್ಪಾಡು, ಅಷ್ಟೆ. ಮುಂದೆ ನೆರೆಮನೆಯವರು ವಕೀಲರ ಬಾಗಿಲು ತಟ್ಟಿದ್ದನ್ನು ಕಂಡಾಗ ನಾವೂ ಬೇರೆ ಅರ್ಥ ಕಲ್ಪಿಸದಿದ್ದರೆ, ಅದೂ ಒಂದು ನ್ಯಾಯವೇ.